ಪೈಲಟ್ ಕೇಳಿದ್ದು, ಟವರ್ ಹೇಳಿದ್ದು

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ಮಗಳು ಬೆಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಹಬ್ಬಕ್ಕೆಂದು ವಿಮಾನದಲ್ಲಿ ಹೊರಟಳು. ಶಿವಮೊಗ್ಗದ ಮೇಲೆ ಸುತ್ತು ಹೊಡೆದ ವಿಮಾನ ಇಳಿಯದೆ ಬೆಂಗಳೂರಿಗೇ ವಾಪಸ್ ಹೋಯಿತು. ಪಕ್ಕದಲ್ಲಿ ಕೂತವರು "ಪೈಲಟ್‌ಗೂ ಟವರಿನವರಿಗೂ ಮಾತು ಹೊಂದಲಿಲ್ಲ, ಅದಕ್ಕೇ ಹೀಗೆ" ಅಂದರಂತೆ. ಅವತ್ತಿನಿಂದ ನನಗೆ ಹೆದರಿಕೆ. ಮಾತು ತಪ್ಪಾಗಿ ಕೇಳಿಸಿ ವಿಮಾನ ಬೀಳುವುದು ನಿಜವಾ? ಇಬ್ಬರೂ ಕನ್ನಡದವರಾದರೆ ಕನ್ನಡದಲ್ಲೇ ಮಾತಾಡಿಕೊಳ್ಳಬಾರದಾ? ಈ ಕಾಲದಲ್ಲೂ ರೇಡಿಯೊ ಯಾಕೆ, ಮೆಸೇಜ್ ಕಳಿಸಿದರೆ ಆಗದಾ? ಇಷ್ಟಾದ ಮೇಲೂ ಮಗಳು ತಾನು ಏರ್ ಟ್ರಾಫಿಕ್ ಕಂಟ್ರೋಲರ್ ಆಗುತ್ತೇನೆ ಅನ್ನುತ್ತಾಳೆ. ನಮ್ಮ ಹಳ್ಳಿ ಕಡೆಯ ಇಂಗ್ಲಿಷಿಗೆ ಅದು ಸಾಧ್ಯವಾ?
— ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ಮೊದಲು ಮಗಳ ವಿಮಾನದ ವಿಷಯ. ಪಕ್ಕದಲ್ಲಿ ಕೂತವರ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಪೈಲಟ್ ಮತ್ತು ಟವರ್, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ, ಅನುಮತಿ ಹೇಳುವ ಕಂಟ್ರೋಲರ್‌ಗಳು, ಆಡುವ ಮಾತು ಪ್ರಯಾಣಿಕರಿಗೆ ಕೇಳಿಸುವುದೇ ಇಲ್ಲ. ಅವರು ಊಹೆ ಮಾಡಿ ಹೇಳಿದ್ದಾರೆ, ಅಷ್ಟೆ.

ಮಳೆಗಾಲದಲ್ಲಿ ಶಿವಮೊಗ್ಗದ ನಿಲ್ದಾಣ ಇರುವ ಸೋಗಾನೆಯ ಮೇಲೆ ಬಂದ ವಿಮಾನ ಹಿಂದಿರುಗಿದರೆ ಮೊದಲು ನೋಡಬೇಕಾದ ಕಾರಣ ಮೋಡ. ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಪ್ರಯಾಣಿಕರ ಹಾರಾಟ ಶುರುವಾದದ್ದು ಅದೇ ವರ್ಷ ಆಗಸ್ಟ್ 31ಕ್ಕೆ, ಮಲೆನಾಡಿನ ಮಳೆ ಇನ್ನೂ ಮುಗಿಯದ ಹೊತ್ತಿಗೆ. ರನ್‌ವೇ 3,200 ಮೀಟರ್ ಉದ್ದ ಇದೆ, ಉದ್ದಕ್ಕೆ ಕೊರತೆಯಿಲ್ಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಮೋಡ ಎಷ್ಟು ಕೆಳಗೆ ಕೂತಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರತಿ ನಿಲ್ದಾಣಕ್ಕೂ ಇಂತಿಷ್ಟು ಎತ್ತರ ಅಂತ ಗೊತ್ತು ಮಾಡಿರುತ್ತಾರೆ. ಅಷ್ಟು ಕೆಳಗೆ ಇಳಿದರೂ ರನ್‌ವೇ ಅಥವಾ ಅದರ ದೀಪಗಳು ಕಾಣದಿದ್ದರೆ ಪೈಲಟ್ ಮತ್ತೆ ಮೇಲಕ್ಕೆ ಎತ್ತಲೇಬೇಕು. ಅದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಒಂದು ಸುತ್ತು ಹಾಕಿ ಇನ್ನೊಮ್ಮೆ ನೋಡಬಹುದು. ಆಗಲೂ ಕಾಣದಿದ್ದರೆ ವಾಪಸ್. ಸುತ್ತು ಹೊಡೆಯಲಿಕ್ಕೂ ವಾಪಸ್ ಹೋಗಲಿಕ್ಕೂ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಸಿಕೊಂಡಿರುತ್ತಾರೆ. ಹಬ್ಬದ ಊಟ ತಪ್ಪಿದ್ದಕ್ಕೆ ಬೇಜಾರು ಮಾಡಿಕೊಳ್ಳಿ, ಹೆದರಬೇಡಿ. ಆ ಪೈಲಟ್ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಮಾತು ತಪ್ಪಾಗಿ ಕೇಳಿಸಿ ವಿಮಾನಗಳು ಬಿದ್ದಿವೆಯಾ? ಬಿದ್ದಿವೆ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ. ಕಂಟ್ರೋಲ್ ಟವರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮಾತು ಅರ್ಥವಾಗದೇ ಹೋದರೆ ಅದರಿಂದ ಅಪಾಯ ಕಡಿಮೆ. ಅರ್ಥವಾಗದವನು "ಇನ್ನೊಮ್ಮೆ ಹೇಳಿ" ಅಂತ ಕೇಳುತ್ತಾನೆ. ಅರ್ಥವಾಯಿತು ಅಂತ ಇಬ್ಬರೂ ಅಂದುಕೊಂಡು, ಇಬ್ಬರ ತಲೆಯಲ್ಲೂ ಬೇರೆ ಬೇರೆ ಚಿತ್ರ ಇದ್ದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಕೆಲಸ ಕೆಡುವುದು ಅಲ್ಲಿ.

ಇದಕ್ಕೆ ದೊಡ್ಡ ಉದಾಹರಣೆ 1977ರ ಮಾರ್ಚ್ 27ರದು. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಮಂಜು ಇಳಿದಿತ್ತು. ಕೆಎಲ್‌ಎಂ ಸಂಸ್ಥೆಯ ಒಂದು ಜಂಬೊ ಜೆಟ್ ರನ್‌ವೇ ತುದಿಯಲ್ಲಿ ಹೊರಡಲು ನಿಂತಿತ್ತು. ಪ್ಯಾನ್ ಆಮ್‌ನ ಇನ್ನೊಂದು ಜಂಬೊ ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನವಾಗಿ ಬರುತ್ತಿತ್ತು. ಇದಕ್ಕೆ ಅದು ಕಾಣದು, ಅದಕ್ಕೆ ಇದು ಕಾಣದು, ಟವರಿಗೆ ಎರಡೂ ಕಾಣವು. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ಇದ್ದದ್ದು ರೇಡಿಯೊ ಒಂದೇ.

ವಿಮಾನಕ್ಕೆ ಎರಡು ಅನುಮತಿ ಬೇಕು. ಮೇಲೇರಿದ ಮೇಲೆ ಯಾವ ದಾರಿ ಹಿಡಿಯಬೇಕು ಅನ್ನುವುದಕ್ಕೆ ಒಂದು. ಈಗ ಹೊರಡಬಹುದು ಅನ್ನುವುದಕ್ಕೆ ಇನ್ನೊಂದು. ಟವರ್ ಕೊಟ್ಟದ್ದು ದಾರಿಯ ಅನುಮತಿ ಮಾತ್ರ. ಆದರೆ ಆ ಮಾತಿನೊಳಗೆ "ಟೇಕ್‌ಆಫ್ ಆದ ಮೇಲೆ ಬಲಕ್ಕೆ ತಿರುಗಿ" ಅಂತ ಟೇಕ್‌ಆಫ್ ಶಬ್ದ ಬಂದಿತ್ತು. ಕೆಎಲ್‌ಎಂ ಕೋ-ಪೈಲಟ್ ದಾರಿಯನ್ನೆಲ್ಲ ತಿರುಗಿ ಒಪ್ಪಿಸಿ, ಕೊನೆಗೆ "ವಿ ಆರ್ ನೌ ಅಟ್ ಟೇಕ್‌ಆಫ್" ಅಂದರು. ಅಷ್ಟು ಹೊತ್ತಿಗೆ ಕ್ಯಾಪ್ಟನ್ ಎಂಜಿನ್ ಏರಿಸಿ ಓಡಿಸಲು ಶುರು ಮಾಡಿದ್ದರು. ಹೊರಟಿದ್ದೇವೆ ಅಂತ ಅದರರ್ಥ. ಟವರಿನವರಿಗೆ ಹೊಳೆದ ಅರ್ಥ, ಹೊರಡುವ ಜಾಗದಲ್ಲಿ ನಿಂತಿದ್ದೇವೆ ಅಂತ. ಅವರು "ಓಕೆ" ಅಂದರು. ಒಂದು ಕ್ಷಣ ಬಿಟ್ಟು "ಟೇಕ್‌ಆಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ" ಅಂತ ಸೇರಿಸಿದರು. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವರು "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂದರು. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ದನಿ ಒಟ್ಟಿಗೆ ಬಂದರೆ ಎರಡೂ ಸರಿಯಾಗಿ ಕೇಳಿಸುವುದಿಲ್ಲ, ಕೀಂ ಅನ್ನುವ ಸದ್ದು ಬರುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಒಂದೇ. ಆಮೇಲೆ ಆ ಸದ್ದು.

ಓಡುತ್ತಿದ್ದ ವಿಮಾನದಲ್ಲಿ ಒಬ್ಬರಿಗೆ ಸಂಶಯ ಬಂತು. ಫ್ಲೈಟ್ ಎಂಜಿನಿಯರ್ "ಆ ಪ್ಯಾನ್ ಆಮ್ ಇನ್ನೂ ಆಚೆ ಹೋಗಿಲ್ಲವಾ?" ಅಂತ ಕೇಳಿದರು. ಕ್ಯಾಪ್ಟನ್ ಹೋಗಿದೆ ಅಂದುಬಿಟ್ಟರು. ಅವರು ಆ ಸಂಸ್ಥೆಯ ಬಹಳ ಹಿರಿಯ ಪೈಲಟ್. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಸತ್ತವರು 583 ಜನ. ವಿಮಾನಯಾನದ ಚರಿತ್ರೆಯಲ್ಲಿ ಒಂದೇ ಅಪಘಾತದಲ್ಲಿ ಅಷ್ಟು ಜನ ಹಿಂದೆಯೂ ಸತ್ತಿರಲಿಲ್ಲ, ಆಮೇಲೂ ಸತ್ತಿಲ್ಲ.

ಅಲ್ಲಿ ಇಂಗ್ಲಿಷ್ ಬಾರದವರು ಯಾರೂ ಇರಲಿಲ್ಲ. ಆಡಿದ ಶಬ್ದಗಳೆಲ್ಲ ಸಣ್ಣ ಮಕ್ಕಳಿಗೂ ಗೊತ್ತಿರುವಂಥವು.

ಇದಾದ ಮೇಲೆ ಒಂದು ಕಟ್ಟುನಿಟ್ಟು ಬಂತು. ಇವತ್ತು ಟೇಕ್‌ಆಫ್ ಅನ್ನುವ ಶಬ್ದವನ್ನು ನಿಜವಾಗಿ ಹೊರಡಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ವಾಪಸ್ ಪಡೆಯುವಾಗ ಮಾತ್ರ ಬಳಸಬೇಕು. ಉಳಿದ ಕಡೆಯೆಲ್ಲ ಡಿಪಾರ್ಚರ್ ಅನ್ನಬೇಕು. ಕೇಳಲು ಸಣ್ಣ ವಿಷಯ. ಆದರೆ ನಮ್ಮ ಕೆಲಸದಲ್ಲಿ ಒಂದೊಂದು ಶಬ್ದದ ಹಿಂದೆಯೂ ಇಂಥ ಒಂದು ಕಥೆ ಇರುತ್ತದೆ. 2024ರ ಜನವರಿ 2ರಂದು ಜಪಾನಿನ ಹನೆಡ ನಿಲ್ದಾಣದಲ್ಲಿ ಕೋಸ್ಟ್ ಗಾರ್ಡ್ ವಿಮಾನವೊಂದಕ್ಕೆ "ನಂಬರ್ ಒನ್" ಅಂದರು. ಹೊರಡುವ ಸರದಿಯಲ್ಲಿ ನೀವು ಮೊದಲು, ರನ್‌ವೇ ಹೊರಗಿನ ಗೆರೆಯ ಹತ್ತಿರ ಬನ್ನಿ ಅಂತ ಮಾತ್ರ ಅದರರ್ಥ. ಅವರು ರನ್‌ವೇ ಒಳಗೇ ಬಂದು ನಿಂತರು. ಇಳಿಯುತ್ತಿದ್ದ ದೊಡ್ಡ ವಿಮಾನ ಬಂದು ಹೊಡೆಯಿತು. ಕೋಸ್ಟ್ ಗಾರ್ಡ್‌ನ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಉರಿಯುವ ವಿಮಾನದಿಂದ ಹೊರಬಂದು ಬದುಕಿಕೊಂಡರು. ಅದಾದ ಕೂಡಲೇ ಜಪಾನಿನಲ್ಲಿ "ನಂಬರ್ ಒನ್" ಅನ್ನುವ ಮಾತನ್ನು ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸಿದರು.

ಹಾಗಾದರೆ ದಿನಾ ಸಾವಿರಾರು ವಿಮಾನ ಹೇಗೆ ಕ್ಷೇಮವಾಗಿ ಇಳಿಯುತ್ತವೆ? ನನ್ನ ಪ್ರಕಾರ ಅದಕ್ಕೆ ಮುಖ್ಯ ಕಾರಣ ರೀಡ್‌ಬ್ಯಾಕ್. ಹೇಳಿದ್ದನ್ನು ತಿರುಗಿ ಹೇಳುವುದು. ಶಿವಮೊಗ್ಗ ಮಂಡಿಯಿಂದ ಅಡಿಕೆ ದರ ಫೋನಿನಲ್ಲಿ ಬಂದಾಗ ನೀವೂ ಅಂಕಿಯನ್ನು ತಿರುಗಿ ಹೇಳುತ್ತೀರಿ ಅಲ್ವಾ? ನೆಟ್‌ವರ್ಕ್ ಸರಿ ಇಲ್ಲದ ಕಡೆ ಎಪ್ಪತ್ತು ಎಂಬತ್ತಾಗಲು ಎಷ್ಟು ಹೊತ್ತು? ನಮ್ಮಲ್ಲೂ ಹಾಗೇ. ಬೆಂಗಳೂರಿನಿಂದ ನಿಮ್ಮ ಮಗಳ ವಿಮಾನ ಹೊರಟರೆ ಹಾರಾಟ ಒಂದು ಗಂಟೆ ಆಸುಪಾಸು. ಅಷ್ಟರೊಳಗೆ ಪೈಲಟ್ ಹಲವು ಕಂಟ್ರೋಲರ್‌ಗಳ ಜೊತೆ ಮಾತಾಡುತ್ತಾರೆ. ದಾರಿಯ ಅನುಮತಿ ಕೊಡುವವರು, ನೆಲದ ಮೇಲೆ ನಡೆಸುವವರು, ಟವರ್, ಮೇಲೇರಿದ ಮೇಲೆ ರೇಡಾರ್ ನೋಡುವವರು, ಕೊನೆಗೆ ಶಿವಮೊಗ್ಗದ ಟವರ್. ಕಂಟ್ರೋಲರ್ "ಆರು ಸಾವಿರ ಅಡಿಗೆ ಇಳಿಯಿರಿ" ಅಂದರೆ ಪೈಲಟ್ ಸುಮ್ನೆ "ಸರಿ" ಅನ್ನುವಂತಿಲ್ಲ. "ಆರು ಸಾವಿರ ಅಡಿಗೆ ಇಳಿಯುತ್ತಿದ್ದೇವೆ" ಅಂತ ತಮ್ಮ ವಿಮಾನದ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಕರೆಯುವ ಹೆಸರು, ಸೇರಿಸಿ ಹೇಳಬೇಕು. ಅದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ತಪ್ಪಿದ್ದರೆ ಅಲ್ಲೇ ತಿದ್ದಬೇಕು.

ಕಷ್ಟ ಇರುವುದು ಈ ಕೊನೆಯ ಭಾಗದಲ್ಲಿ. ಹೇಳುವುದು ಸುಲಭ. ತಿರುಗಿ ಬಂದ ಮಾತನ್ನು ನಿಜವಾಗಿ ಕೇಳುವುದು ಕಷ್ಟ. ಕಂಟ್ರೋಲರ್ ಆಗಲೇ ಮುಂದಿನ ವಿಮಾನದ ಲೆಕ್ಕ ಹಾಕುತ್ತಿರುತ್ತಾನೆ. ತಾನು ಹೇಳಿದ್ದೇ ತಿರುಗಿ ಬರುತ್ತದೆ ಅಂತ ಮನಸ್ಸು ಮೊದಲೇ ನಂಬಿರುತ್ತದೆ. ನಂಬಿದ ಮನಸ್ಸಿಗೆ ತಪ್ಪು ಅಂಕಿಯೂ ಸರಿಯಾಗಿಯೇ ಕೇಳಿಸುತ್ತದೆ. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರದ ಹತ್ತಿರ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕಿನ ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳಿದರು. ಹೇಳಿದ ರೀತಿ "ಡಿಸೆಂಡ್ ಟೂ ಫೋರ್ ಝೀರೋ ಝೀರೋ". ಮೊದಲಿನ ಟೂ ಎರಡು ಅನ್ನುವ ಅಂಕಿ. ಪೈಲಟ್‌ಗಳು ಅದನ್ನು ಇಂಗ್ಲಿಷಿನಲ್ಲಿ "ಇಷ್ಟಕ್ಕೆ" ಅನ್ನುವ ಅರ್ಥದ "ಟು" ಅಂದುಕೊಂಡರು, ಹಾಗಾಗಿ "ನಾಲ್ಕುನೂರಕ್ಕೆ ಇಳಿಯಿರಿ" ಅಂತ ಕೇಳಿಸಿತು. "ಓಕೆ, ಫೋರ್ ಝೀರೋ ಝೀರೋ" ಅಂತ ತಿರುಗಿ ಹೇಳಿದರು ಕೂಡ. ತಪ್ಪು ರೀಡ್‌ಬ್ಯಾಕ್ ಎಲ್ಲರ ಕಿವಿಗೂ ಬಿತ್ತು, ಯಾರೂ ತಿದ್ದಲಿಲ್ಲ. ನೆಲ ಹತ್ತಿರವಾಗುತ್ತಿದೆ ಅಂತ ಕಾಕ್‌ಪಿಟ್‌ನ ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಗುಡ್ಡಕ್ಕೆ ಬಡಿದು ನಾಲ್ವರೂ ಸತ್ತರು. ಎತ್ತರವನ್ನು "ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್" ಅಂತ ಬಿಡಿಸಿ ಹೇಳಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ. ಒಂಬತ್ತನ್ನು ನೈನರ್ ಅಂತಲೂ ಐದನ್ನು ಫೈಫ್ ಅಂತಲೂ ಹೇಳುವುದು ಸ್ಟೈಲಿಗಲ್ಲ. ಗರಗರ ಸದ್ದಿನಲ್ಲಿ ನೈನ್ ಮತ್ತು ಫೈವ್ ಒಂದೇ ಥರ ಕೇಳಿಸುತ್ತವೆ.

ನಮ್ಮ ದೇಶದ ದೊಡ್ಡ ದುರಂತವನ್ನೂ ಹೇಳಬೇಕು. 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಎತ್ತರ ಕೊಟ್ಟಿದ್ದರು. ನಡುವೆ ಸಾವಿರ ಅಡಿ. ಕಂಟ್ರೋಲರ್ ಎದುರಿನ ವಿಮಾನದ ಬಗ್ಗೆ ಹೇಳಿದ್ದರು, ದೂರವನ್ನೂ ಹೇಳಿದ್ದರು. ಆದರೂ ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಇಳಿಯುತ್ತಾ ಹೋಯಿತು. ಆ ವಿಮಾನದಲ್ಲಿ ಟವರಿನ ಜೊತೆ ಮಾತಾಡುತ್ತಿದ್ದವರು ಪೈಲಟ್ ಅಲ್ಲ, ಅದಕ್ಕೆಂದೇ ಬೇರೆ ರೇಡಿಯೊ ಆಪರೇಟರ್ ಇದ್ದರು. ಅವರ ಮುಂದೆ ಎತ್ತರ ತೋರಿಸುವ ಮೀಟರ್ ಇರಲಿಲ್ಲ. ಮಾತು ಕೇಳಿಸಿಕೊಂಡವರು ಒಬ್ಬರು, ವಿಮಾನ ಇಳಿಸುತ್ತಿದ್ದವರು ಇನ್ನೊಬ್ಬರು. ಇಂಗ್ಲಿಷ್ ಕೂಡ ಆ ಸಿಬ್ಬಂದಿಗೆ ಸಲೀಸಾಗಿರಲಿಲ್ಲ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ದೆಹಲಿಯಲ್ಲಿ ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಇತ್ತು, ಆಮೇಲೆ ಬೇರೆ ಬೇರೆ ಮಾಡಿದರು. ಎದುರಿನ ವಿಮಾನ ಹತ್ತಿರ ಬಂದರೆ ತಾನಾಗಿ ಎಚ್ಚರಿಸುವ ಟಿಕ್ಯಾಸ್ ಅನ್ನುವ ಯಂತ್ರವನ್ನು ಭಾರತದಲ್ಲಿ ಕಡ್ಡಾಯ ಮಾಡಿದ್ದೂ ಇದಾದ ಮೇಲೆಯೇ.

ಈಗ ಕನ್ನಡದ ಪ್ರಶ್ನೆ. ಇಬ್ಬರಿಗೂ ಕನ್ನಡ ಬರುವಾಗ ಕನ್ನಡದಲ್ಲೇ ಯಾಕೆ ಬೇಡ ಅಂತ ಕೇಳಿದ್ದೀರಿ. ಭಾಷೆಯ ಮೇಲಿನ ಪ್ರೀತಿಯಿಂದ ಕೇಳಿದ ಪ್ರಶ್ನೆ, ನನಗೂ ಆ ಪ್ರೀತಿ ಇದೆ. ಆದರೆ ಆ ಫ್ರೀಕ್ವೆನ್ಸಿಯಲ್ಲಿ ಇಬ್ಬರೇ ಇರುವುದಿಲ್ಲ. ಸುತ್ತ ಹಾರುತ್ತಿರುವ ಪೈಲಟ್‌ಗಳೆಲ್ಲ ಅದೇ ಮಾತನ್ನು ಕೇಳುತ್ತಿರುತ್ತಾರೆ. ಅದರಿಂದಲೇ ಅವರ ತಲೆಯಲ್ಲಿ ಒಂದು ನಕ್ಷೆ ಮೂಡುತ್ತದೆ. ಯಾರು ಮೇಲೆ, ಯಾರು ಕೆಳಗೆ, ರನ್‌ವೇ ಮೇಲೆ ಯಾರು. ಇಬ್ಬರು ಕನ್ನಡದಲ್ಲಿ ಮಾತಾಡಿದರೆ ಕೇರಳದ, ಪಂಜಾಬಿನ, ದುಬೈನ ಪೈಲಟ್‌ಗಳಿಗೆ ಆ ನಕ್ಷೆಯಲ್ಲಿ ಒಂದು ತೂತು ಬೀಳುತ್ತದೆ. 2000ದ ಮೇ 25ರಂದು ಪ್ಯಾರಿಸ್‌ನ ದೊಡ್ಡ ನಿಲ್ದಾಣದಲ್ಲಿ ಇದೇ ಆಯಿತು. ಫ್ರೆಂಚ್ ವಿಮಾನಕ್ಕೆ ಫ್ರೆಂಚ್‌ನಲ್ಲಿ ಟೇಕ್‌ಆಫ್ ಅನುಮತಿ ಕೊಟ್ಟರು. ಬ್ರಿಟನ್ನಿನ ಒಂದು ಸಣ್ಣ ಸರಕು ವಿಮಾನಕ್ಕೆ ಇಂಗ್ಲಿಷ್‌ನಲ್ಲಿ, ರನ್‌ವೇ ಪ್ರವೇಶಿಸಿ ಸರದಿಗೆ ಕಾಯಿರಿ ಅಂದರು. ಅದು ತುದಿಯಲ್ಲಿದೆ ಅಂತ ಕಂಟ್ರೋಲರ್ ಅಂದುಕೊಂಡಿದ್ದರು, ನಿಜಕ್ಕೂ ಅದು ರನ್‌ವೇ ಮಧ್ಯದ ಒಂದು ದಾರಿಯಲ್ಲಿತ್ತು. ಸಣ್ಣ ವಿಮಾನದವರಿಗೆ ಫ್ರೆಂಚ್ ಬಂದಿದ್ದರೆ, ಇನ್ನೊಂದು ವಿಮಾನ ಹೊರಟಿದೆ ಅಂತ ಗೊತ್ತಾಗುತ್ತಿತ್ತು. ಬರುತ್ತಿರಲಿಲ್ಲ. ರೆಕ್ಕೆ ಬಡಿದು ಸಣ್ಣ ವಿಮಾನದ ಕೋ-ಪೈಲಟ್ ಸತ್ತರು. ತನಿಖೆ ಮಾಡಿದವರು ಎರಡು ಭಾಷೆ ಬಳಸಿದ್ದನ್ನೂ ಕಾರಣಗಳಲ್ಲಿ ಒಂದಾಗಿ ಬರೆದರು.

ಅಂತರರಾಷ್ಟ್ರೀಯ ನಿಯಮ ಸ್ಥಳೀಯ ಭಾಷೆಯನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಕೆಲವು ದೇಶಗಳಲ್ಲಿ ಇವತ್ತಿಗೂ ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವಿಮಾನದೊಳಗೆ ಕನ್ನಡದಲ್ಲಿ ಸ್ವಾಗತ ಹೇಳಲಿ, ಸುರಕ್ಷತೆಯ ಸೂಚನೆಯನ್ನು ಕನ್ನಡದಲ್ಲೇ ಕೊಡಲಿ, ಅದು ನಮ್ಮ ಹಕ್ಕು. ರೇಡಿಯೊದಲ್ಲಿ ಮಾತ್ರ ಎಲ್ಲರಿಗೂ ತಿಳಿಯುವ ಒಂದೇ ಭಾಷೆ ಇರಬೇಕು.

ಭಾಷೆಗಿಂತ ನನ್ನನ್ನು ಜಾಸ್ತಿ ಕಾಡುವುದು ಬಿಡಿಸಿ ಹೇಳಲು ಹಿಂಜರಿಯುವ ಸ್ವಭಾವ. 1990ರ ಜನವರಿ 25ರಂದು ಕೊಲಂಬಿಯಾದ ಅವಿಯಾಂಕಾ ವಿಮಾನ ನ್ಯೂಯಾರ್ಕಿಗೆ ಬಂತು. ಹವಾಮಾನ ಕೆಟ್ಟಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ತಳ ಮುಟ್ಟುತ್ತಿತ್ತು. ಒಂದು ಸಲ ಇಳಿಯಲು ನೋಡಿ ಆಗಲಿಲ್ಲ. ಕ್ಯಾಪ್ಟನ್ ತಮ್ಮ ಭಾಷೆಯಲ್ಲಿ ಕೋ-ಪೈಲಟ್‌ಗೆ "ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ಹೇಳು" ಅಂದರು. ಕೋ-ಪೈಲಟ್ ರೇಡಿಯೊದಲ್ಲಿ "ಇಂಧನ ಮುಗಿಯುತ್ತಾ ಬಂದಿದೆ" ಅಂದರು. ಹೇಳಿದೆಯಾ ಅಂತ ಕ್ಯಾಪ್ಟನ್ ಕೇಳಿದರೆ, ಹೇಳಿದೆ ಅಂದರು. ಕ್ಯಾಪ್ಟನ್ ನಿಶ್ಚಿಂತೆಯಾದರು. ಆದರೆ ಇಂಧನ ಕಡಿಮೆಯಾಗುತ್ತಿದೆ ಅನ್ನುವ ಮಾತನ್ನು ಕೇಳಿ ಕೇಳಿ ಆ ರಾತ್ರಿಯ ಕಂಟ್ರೋಲರ್‌ಗೆ ಅಭ್ಯಾಸವಾಗಿರುತ್ತದೆ, ಎಲ್ಲರಿಗೂ ಕಡಿಮೆಯಾಗುತ್ತಲೇ ಇರುತ್ತದಲ್ಲ. ಎಮರ್ಜೆನ್ಸಿ ಅಥವಾ ಪ್ರಾಣಾಪಾಯ ಅಂತ ಸಾರುವ ಮೇಡೇ ಅನ್ನುವ ಶಬ್ದ ಬಂದಿದ್ದರೆ ಉಳಿದ ವಿಮಾನಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತಿದ್ದರು. ಕಂಟ್ರೋಲರ್ ಅವರನ್ನು ಹದಿನೈದು ಮೈಲಿ ದೂರ ಕಳಿಸಿ ತಿರುಗಿಸಿ ತರುತ್ತೇನೆ ಅಂದರು. ನಿಮ್ಮ ಇಂಧನಕ್ಕೆ ಪರವಾಗಿಲ್ಲವಾ ಅಂತ ಕೇಳಿಯೂ ಕೇಳಿದರು. ಬಂದ ಉತ್ತರ, "ಪರವಾಗಿಲ್ಲ ಅನ್ನಿಸುತ್ತೆ, ತುಂಬ ಥ್ಯಾಂಕ್ಸ್." ಕೆಲವೇ ನಿಮಿಷದಲ್ಲಿ ಎಂಜಿನ್‌ಗಳು ಒಂದೊಂದಾಗಿ ಆರಿದವು. 158 ಜನರಲ್ಲಿ 73 ಜನ ಸತ್ತರು.

ಆ "ಥ್ಯಾಂಕ್ಸ್" ನನ್ನ ತಲೆಯಿಂದ ಹೋಗುವುದಿಲ್ಲ. ನಮ್ಮ ಕಡೆಯೂ ದೊಡ್ಡವರ ಮುಂದೆ, ಆಫೀಸಿನವರ ಮುಂದೆ ತೊಂದರೆಯನ್ನು ಮೆತ್ತಗೆ ಮಾಡಿ ಹೇಳುವ ಅಭ್ಯಾಸ ಇದೆ. "ಸ್ವಲ್ಪ ಕಷ್ಟ ಆಗ್ತಿದೆ ಸರ್" ಅನ್ನುತ್ತೇವೆ, ಮನೆ ಹೊತ್ತಿ ಉರಿಯುತ್ತಿದ್ದರೂ. ರೇಡಿಯೊದಲ್ಲಿ ಹಾಗೆ ಮಾಡಬಾರದು. ಈಗ ಇದಕ್ಕೆ ಗೊತ್ತಾದ ಶಬ್ದಗಳಿವೆ. ಇನ್ನು ತಡವಾದರೆ ಕಷ್ಟ ಅನ್ನುವುದಕ್ಕೆ "ಮಿನಿಮಮ್ ಫ್ಯೂಯಲ್". ಈಗಲೇ ಇಳಿಸಲೇಬೇಕು ಅನ್ನುವುದಕ್ಕೆ ಮೂರು ಸಲ "ಮೇಡೇ", ಆಮೇಲೆ "ಫ್ಯೂಯಲ್". ಮಂಗಳೂರಿನ ವಿಮಾನ ದುರಂತ ನಿಮಗೆ ನೆನಪಿರಬಹುದು, 2010ರ ಮೇ 22. ಅಲ್ಲಿ ಮಾತು ಕೆಟ್ಟದ್ದು ಕಾಕ್‌ಪಿಟ್ ಒಳಗೇ. ವಿಮಾನ ತುಂಬ ಎತ್ತರದಲ್ಲಿ, ತುಂಬ ವೇಗದಲ್ಲಿ ಬರುತ್ತಿತ್ತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು. ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ. 158 ಜನ ಹೋದರು. ಶಿವಮೊಗ್ಗದ ಮೇಲೆ ಗೋ ಅರೌಂಡ್ ಮಾಡಿ ವಾಪಸ್ ಹೋದ ಪೈಲಟ್ ಬಗ್ಗೆ ನನಗೆ ಗೌರವ ಬರುವುದು ಇಂಥದ್ದನ್ನೆಲ್ಲ ಓದಿದ್ದರಿಂದ.

ರೀಡ್‌ಬ್ಯಾಕ್ ಇದ್ದರೆ ಎಲ್ಲ ಸರಿಯಾಗುತ್ತದೆ ಅಂತಲೂ ಹೇಳಲಾರೆ. ಎತ್ತರದ ಮೀಟರ್ ಕೆಲಸ ಮಾಡುವುದು ಗಾಳಿಯ ಒತ್ತಡದ ಮೇಲೆ. ಆ ದಿನದ ಒತ್ತಡ ಎಷ್ಟು ಅಂತ ಕಂಟ್ರೋಲರ್ ಹೇಳಬೇಕು, ಪೈಲಟ್ ಮೀಟರಿನಲ್ಲಿ ಹಾಕಿಕೊಳ್ಳಬೇಕು. 2022ರ ಮೇ 23ರಂದು ಮತ್ತೆ ಪ್ಯಾರಿಸ್‌ನಲ್ಲೇ ಕಂಟ್ರೋಲರ್ 1001 ಅನ್ನುವ ಬದಲು 1011 ಅಂದರು. ಪೈಲಟ್ 1011 ಅಂತಲೇ ತಿರುಗಿ ಹೇಳಿದರು. ಹೇಳಿದ್ದಕ್ಕೂ ತಿರುಗಿ ಬಂದದ್ದಕ್ಕೂ ಪೂರ್ತಿ ಹೊಂದಿಕೆ ಇತ್ತು, ಅಂಕಿಯೇ ತಪ್ಪು. ಆ ಹತ್ತರ ವ್ಯತ್ಯಾಸಕ್ಕೆ ಮೀಟರ್ ಸುಮಾರು 280 ಅಡಿ ಜಾಸ್ತಿ ತೋರಿಸುತ್ತಿತ್ತು. ಮಳೆ ಮೋಡದಲ್ಲಿ ಇಳಿಯುತ್ತಿದ್ದ ವಿಮಾನ, ರನ್‌ವೇ ಇನ್ನೂ ಒಂದು ಕಿಲೋಮೀಟರಿಗಿಂತ ದೂರ ಇರುವಾಗಲೇ ನೆಲದಿಂದ ಆರೇ ಅಡಿ ಮೇಲಕ್ಕೆ ಬಂದಿತ್ತು. ರನ್‌ವೇ ಕಾಣದ್ದರಿಂದ ಪೈಲಟ್‌ಗಳು ಗೋ ಅರೌಂಡ್ ಮಾಡಿದರು, ಎಲ್ಲರೂ ಉಳಿದರು. ಗುಡ್ಡಗಳ ನಡುವಿನ ನಿಲ್ದಾಣದಲ್ಲಿ ಕೆಲಸ ಮಾಡುವವರು ಈ ಪ್ರಕರಣವನ್ನು ಬಾಯಿಪಾಠ ಮಾಡಿರಬೇಕು ಅಂತ ನಾನು ಹೇಳುತ್ತಿರುತ್ತೇನೆ.

ಅದಕ್ಕೇ ಒಂದರ ಹಿಂದೆ ಒಂದು ಕಾವಲು ಇಟ್ಟಿರುವುದು. 2022ರ ಜನವರಿಯಲ್ಲಿ ಒಂದು ದಿನ ಬೆಂಗಳೂರಿನಲ್ಲಿ ಎರಡು ರನ್‌ವೇ ಬದಲು ಒಂದನ್ನೇ ಬಳಸುವುದು ಅಂತ ನಿರ್ಧಾರವಾಯಿತು. ಆ ಸುದ್ದಿ ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ಮುಟ್ಟಲಿಲ್ಲ. ಅಕ್ಕಪಕ್ಕದ ರನ್‌ವೇಗಳಿಂದ ಎರಡು ವಿಮಾನ ಹೆಚ್ಚುಕಡಿಮೆ ಒಟ್ಟಿಗೆ ಮೇಲೇರಿ ಒಂದರ ಕಡೆ ಒಂದು ಬರುತ್ತಿದ್ದವು. ರೇಡಾರ್ ನೋಡುತ್ತಿದ್ದ ಮೂರನೆಯವರು ಅದನ್ನು ಕಂಡು ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. ರೇಡಾರ್ ಕಣ್ಣಿಗೂ ತಪ್ಪಿದರೆ ಟಿಕ್ಯಾಸ್ ಇದೆ. 2002ರಲ್ಲಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಟಿಕ್ಯಾಸ್ ಏರು ಅಂತಿತ್ತು, ಕಂಟ್ರೋಲರ್ ಇಳಿಯಿರಿ ಅಂದರು, ಪೈಲಟ್ ಕಂಟ್ರೋಲರ್ ಮಾತು ಕೇಳಿದರು. ಎರಡು ವಿಮಾನ ಒಂದಕ್ಕೊಂದು ಬಡಿದು 71 ಜನ ಸತ್ತರು. ಈಗ ನಿಯಮ ಖಚಿತ: ಎರಡೂ ಬೇರೆ ಬೇರೆ ಹೇಳಿದರೆ ಯಂತ್ರದ ಮಾತನ್ನೇ ಕೇಳಬೇಕು.

ಮೆಸೇಜ್ ಕಳಿಸಬಾರದಾ ಅಂದಿರಿ. ಕಳಿಸುತ್ತಾರೆ. ಸಮುದ್ರದ ಮೇಲೆ ಮಾಮೂಲಿ ರೇಡಿಯೊ ದೂರ ಮುಟ್ಟುವುದಿಲ್ಲ, ಅದರ ಅಲೆ ನೇರ ದಾರಿಯಲ್ಲಿ ಮಾತ್ರ ಹೋಗುತ್ತದೆ. ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ದಾಟುವ ದೊಡ್ಡ ವಿಮಾನಗಳಿಗೆ ಎತ್ತರ, ದಾರಿ ಎಲ್ಲ ಅಕ್ಷರದ ಸಂದೇಶವಾಗಿ ಪರದೆಯ ಮೇಲೆ ಬರುತ್ತವೆ. ತಪ್ಪಾಗಿ ಕೇಳಿಸುವ ಪ್ರಶ್ನೆ ಅಲ್ಲಿಲ್ಲ. ಆದರೆ ಇಳಿಯುವ ಹೊತ್ತಿನಲ್ಲಿ ಓದಿ ಉತ್ತರ ಒತ್ತುವಷ್ಟು ಪುರುಸೊತ್ತು ಇರುವುದಿಲ್ಲ. ರನ್‌ವೇ ಮೇಲೆ ದನ ನುಗ್ಗಿದರೆ "ಗೋ ಅರೌಂಡ್" ಅಂತ ಕೂಗಬೇಕು, ಟೈಪ್ ಮಾಡುತ್ತಾ ಕೂರಲಾಗದು. ಸುತ್ತಲಿನ ಪೈಲಟ್‌ಗಳು ಕೇಳಿಸಿಕೊಳ್ಳುವ ಲಾಭವೂ ಮೆಸೇಜಿನಲ್ಲಿ ತಪ್ಪಿಹೋಗುತ್ತದೆ.

ಕೊನೆಗೆ ಮಗಳ ವಿಷಯ. ಬಿಎಸ್ಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಎರಡೂ ಇರಬೇಕು, ಇದೆಯಾ ನೋಡಿ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಅರ್ಜಿ ಕರೆಯುತ್ತದೆ. ವಯಸ್ಸಿನ ಮಿತಿ ಸಾಮಾನ್ಯವಾಗಿ 27, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಬರೆಯುವ ಪರೀಕ್ಷೆ ಆದ ಮೇಲೆ ದನಿಯ ಪರೀಕ್ಷೆಯೂ ಇರುತ್ತದೆ. ಆಯ್ಕೆಯಾದವರಿಗೆ ಪ್ರಯಾಗ್‌ರಾಜ್, ಹೈದರಾಬಾದ್, ಗೋಂದಿಯಾಗಳಲ್ಲಿ ತರಬೇತಿ ಕೊಡುತ್ತಾರೆ.

ಹಳ್ಳಿ ಇಂಗ್ಲಿಷ್ ಅಂತ ಹಿಂಜರಿಯಬೇಡಿ. ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷ್ ಪರೀಕ್ಷೆ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮ 2008ರಲ್ಲಿ ಜಾರಿಗೆ ಬಂತು. ಆರು ಮಟ್ಟ ಇವೆ, ಕೆಲಸಕ್ಕೆ ನಾಲ್ಕನೆಯದಾದರೂ ಇರಬೇಕು. ನಾಲ್ಕನೆಯ ಮಟ್ಟದವರು ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬೇಕು. ಆ ಮಟ್ಟದಲ್ಲಿ ತಾಯಿಭಾಷೆಯ ಛಾಯೆ ಉಚ್ಚಾರದಲ್ಲಿ ಇರಬಹುದು ಅಂತ ನಿಯಮವೇ ಒಪ್ಪುತ್ತದೆ. ಕೇಳುವವರಿಗೆ ಅರ್ಥವಾಗಲು ಆಗಾಗ ಅಡ್ಡಿಯಾಗಬಾರದು, ಅಷ್ಟೇ. ಸಾಗರದ ಹುಡುಗಿಯ ಇಂಗ್ಲಿಷ್ ಸಾಗರದ ಥರವೇ ಇರಲಿ. ನಿಧಾನವಾಗಿ, ಬಿಡಿಸಿ, ಒಂದೇ ವೇಗದಲ್ಲಿ ಮಾತಾಡುವುದನ್ನು ಕಲಿಯಲಿ. ದಿನಾ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಲಿ. ಮನೆಯಲ್ಲಿ ನೀವು ಒಂದು ಸಾಲು ಅಂಕಿ ಹೇಳಿ, ಅವಳು ತಿರುಗಿ ಹೇಳಲಿ. ಆಮೇಲೆ ಅವಳು ಹೇಳಲಿ, ನೀವು ತಿರುಗಿ ಹೇಳುವಾಗ ಬೇಕೆಂದೇ ನಡುವೆ ಒಂದು ಅಂಕಿ ತಪ್ಪಿಸಿ. ಅವಳು ಹಿಡಿಯುತ್ತಾಳಾ ನೋಡಿ. ಅದನ್ನು ಪ್ರತಿ ಸಲ ಹಿಡಿದರೆ ಧೈರ್ಯವಾಗಿ ಅರ್ಜಿ ಹಾಕಿಸಿ.